ಥ್ರೋ-ಇನ್ ಗೊಂದಲ: ರೆಫರಿ ಮೇಡಂ ಅವರನ್ನು ಕೇಳಿ (ಬ್ಯಾಸ್ಕೆಟ್‌ಬಾಲ್ ಶಿಕ್ಷಕರು ಮತ್ತು ಪೋಷಕರ ಗುಂಪು)

ದೈಹಿಕ ಶಿಕ್ಷಕ, ಹಾಸನ: ಮೇಡಂ, ನಮಸ್ಕಾರ. ಥ್ರೋ-ಇನ್ ಮಾಡುವ, ಅಂದರೆ ಗೆರೆಯ ಹೊರಗಿನಿಂದ ಚೆಂಡನ್ನು ಒಳಗೆ ಎಸೆಯುವ ಹುಡುಗ ಸೈಡ್‌ಲೈನ್ ತುಳಿದರೆ ವಿಸಿಲ್ ಊದಬೇಕೇ? ನಮ್ಮ ತಾಲ್ಲೂಕು ಪಂದ್ಯದಲ್ಲಿ ಊದಿದರು, ಚೆಂಡು ಎದುರಾಳಿಗೆ ಹೋಯಿತು.

ರೆಫರಿ: ನಮಸ್ಕಾರ. ಊದಬಾರದಿತ್ತು. ಗೆರೆ ಅಂಗಳಕ್ಕೆ ಸೇರಿದ್ದಲ್ಲ, ಹೊರಗಿನ ಜಾಗಕ್ಕೆ ಸೇರಿದ್ದು. ಗೆರೆ ತುಳಿದವನು ಇನ್ನೂ ಹೊರಗೇ ಇದ್ದಾನೆ. ಚೆಂಡು ಕೈಯಲ್ಲಿರುವಾಗ ಗೆರೆ ದಾಟಿ ಒಳಗಿನ ನೆಲ ಮುಟ್ಟಿದರೆ ಮಾತ್ರ ತಪ್ಪು.

ಪೋಷಕರು, ಮೈಸೂರು: ಚೆಂಡು ಎಸೆಯಲು ಕೊಡುವ ಐದು ಸೆಕೆಂಡ್‌ಗಳ ಎಣಿಕೆ ವಿಸಿಲ್ ಊದಿದಾಗಿನಿಂದಲೇ?

ರೆಫರಿ: ಅಲ್ಲ. ಚೆಂಡು ಆಟಗಾರನ ಕೈಗೆ ಬಂದ ಕ್ಷಣದಿಂದ, ಅಥವಾ ಅವನಿಗೆ ಸಿಗುವಂತೆ ಇಟ್ಟ ಕ್ಷಣದಿಂದ. ಈ ಐದು ಸೆಕೆಂಡ್ ಆಟದಷ್ಟೇ ಹಳೆಯದು. 1891ರಲ್ಲಿ ಈ ಆಟವನ್ನು ಕಂಡುಹಿಡಿದ ನೈಸ್ಮಿತ್ ಬರೆದ ಹದಿಮೂರು ನಿಯಮಗಳಲ್ಲಿ ಒಂಬತ್ತನೆಯದರಲ್ಲೇ ಇದೆ. ಆಗ ಹೊರಹೋದ ಚೆಂಡನ್ನು ಮೊದಲು ಮುಟ್ಟಿದವನೇ ಎಸೆಯಬೇಕಿತ್ತು. ಎಂಥ ನೂಕುನುಗ್ಗಲು ಆಗಿದ್ದಿರಬೇಕು ಎಂದು ಊಹಿಸಿ.

ತರಬೇತುದಾರ, ಮಂಡ್ಯ: ನಮ್ಮ ಫೈನಲ್‌ನ ಪ್ರಸಂಗ. ನಾಲ್ಕನೇ ಕ್ವಾರ್ಟರ್, 40 ಸೆಕೆಂಡ್ ಬಾಕಿ, ನಾವು ಒಂದು ಅಂಕ ಮುಂದೆ. ನಮ್ಮವನು ಥ್ರೋ-ಇನ್‌ಗೆ ನಿಂತಿದ್ದಾಗ ಎದುರಾಳಿ ಗೆರೆಯಾಚೆ ಕೈ ಚಾಚಿ ಚೆಂಡಿಗೆ ಅಡ್ಡಿ ಮಾಡಿದ. ರೆಫರಿ ಎಚ್ಚರಿಕೆ ಕೊಟ್ಟು ಥ್ರೋ-ಇನ್ ಮತ್ತೆ ಮಾಡಿಸಿದರು. ಟೆಕ್ನಿಕಲ್ ಫೌಲ್ (ಮೈ ತಾಗದಿದ್ದರೂ ದಂಡ ಬೀಳುವ ತಪ್ಪು) ಕೊಡಬೇಕಿತ್ತಲ್ಲವೇ? ಆ ಜಗಳ ಇನ್ನೂ ಮುಗಿದಿಲ್ಲ.

ರೆಫರಿ: ಇದಕ್ಕೆ ಉತ್ತರ ನಿಮ್ಮ ಹುಡುಗನ ಕೈಯಲ್ಲೂ ಇಲ್ಲ, ಎದುರಾಳಿಯ ಕೈಯಲ್ಲೂ ಇಲ್ಲ. ಚೆಂಡು ಕೊಡುವ ಮೊದಲು ರೆಫರಿಯ ಕೈ ಏನು ಮಾಡಿತು ಎಂಬುದರಲ್ಲಿದೆ. ನಾಲ್ಕನೇ ಕ್ವಾರ್ಟರ್‌ನಲ್ಲಾಗಲಿ, ಹೆಚ್ಚುವರಿ ಅವಧಿಯಲ್ಲಾಗಲಿ ಗಡಿಯಾರ 2:00ಕ್ಕೆ ಇಳಿದ ಮೇಲೆ, ಗೆರೆ ದಾಟಬೇಡ ಎನ್ನುವ ಸಂಜ್ಞೆಯನ್ನು ತೋರಿಸಿಯೇ ರೆಫರಿ ಚೆಂಡು ಕೊಡಬೇಕು. ಆ ಸಂಜ್ಞೆಯೇ ಎಚ್ಚರಿಕೆ. ಅದಾದ ಮೇಲೆ ರಕ್ಷಣೆಯವನು ಗೆರೆಯಾಚೆ ಕೈ ಚಾಚಿ ಅಡ್ಡಿ ಮಾಡಿದರೆ ನೇರ ಟೆಕ್ನಿಕಲ್ ಫೌಲ್: ಎಸೆಯುತ್ತಿದ್ದ ತಂಡಕ್ಕೆ ಒಂದು ಫ್ರೀ ಥ್ರೋ (ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಎಸೆತ), ಆಮೇಲೆ ಅದೇ ತಂಡಕ್ಕೆ ಥ್ರೋ-ಇನ್. ಸಂಜ್ಞೆ ತೋರಿಸಲು ರೆಫರಿ ಮರೆತಿದ್ದರೆ ಆಟಗಾರನಿಗೆ ಆ ದಂಡ ಹಾಕಲಾಗದು. ಆಗ ವಿಸಿಲ್ ಊದಿ, ಅವನಿಗೂ ಅವನ ಕೋಚ್‌ಗೂ ಎಚ್ಚರಿಕೆ ಹೇಳಬೇಕು. ಅದು ಪಂದ್ಯ ಮುಗಿಯುವವರೆಗೆ ಇಡೀ ತಂಡಕ್ಕೆ ಅನ್ವಯ. ಸಂಜ್ಞೆ ತೋರಿಸಿದ್ದರೇ ಎಂಬುದನ್ನು ನೀವು ಬರೆದಿಲ್ಲ. ಅದು ನೆನಪಿಲ್ಲದೆ ಜಗಳವಾಡಬೇಡಿ.

ಪೋಷಕರು, ತುಮಕೂರು: ಮೇಡಂ, ‘ಥ್ರೋ-ಇನ್‌ನ ಹತ್ತು ಗುಟ್ಟುಗಳು’ ಎಂಬ ಸಂದೇಶ ಬಂದಿದೆ. ಎಸೆಯುವವನು ಚೆಂಡನ್ನು ಗೆರೆಯ ಈಚೆಗೆ ಚಾಚಿದರೆ ಎದುರಾಳಿ ಕಿತ್ತುಕೊಳ್ಳಬಹುದು ಎಂದಿದೆ. ಮಗನಿಗೆ ಹೇಳಿಕೊಡಲೇ?

ರೆಫರಿ: ಬೇಡ. ಅದು ಅಮೆರಿಕದ ಶಾಲಾ ಪಂದ್ಯಗಳ ನಿಯಮ. ನಾವು ಆಡುವುದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾದ ನಿಯಮ. ಇಲ್ಲಿ ಎಸೆಯುವವನ ಕೈ ಗೆರೆಯ ಮೇಲಿಂದ ಒಳಗೆ ಬಂದರೂ, ಚೆಂಡು ಅವನ ಕೈಯಲ್ಲಿರುವ ತನಕ ಅದನ್ನು ಮುಟ್ಟದಿರುವ ಹೊಣೆ ರಕ್ಷಣೆಯವನದು. ಆ ಸಂದೇಶದಲ್ಲಿ ಬರೆದವರ ಹೆಸರಿಲ್ಲ, ಯಾವ ವರ್ಷದ ಪುಸ್ತಕ ಎಂಬುದೂ ಇಲ್ಲ. ಇಂಥದ್ದನ್ನು ನಂಬಿ ಆಡಿದ ಮಗು ಫೌಲ್ ಹೊತ್ತು ಬೆಂಚಿಗೆ ಬರುತ್ತದೆ, ಕಳುಹಿಸಿದವರು ಮನೆಯಲ್ಲಿರುತ್ತಾರೆ.

ಪೋಷಕರು, ದಾವಣಗೆರೆ: ಐದು ಸೆಕೆಂಡ್ ಎಲ್ಲಿಂದ ಎಣಿಸಬೇಕು ಮೇಡಂ?

ರೆಫರಿ: ಮೇಲೆ ಇದೆ.

ವಿದ್ಯಾರ್ಥಿ, ಧಾರವಾಡ: 3x3 (ತಂಡಕ್ಕೆ ಮೂವರ) ಆಟದಲ್ಲಿಯೂ ಇದೇ ನಿಯಮವೇ?

ಶಿಕ್ಷಕಿ, ಚಿಕ್ಕಮಗಳೂರು: ನಮ್ಮ ಶಾಲೆಯ ಸಿಮೆಂಟ್ ಅಂಗಳದ ಒಂದು ಬದಿಯಲ್ಲಿ ಗೆರೆಯಿಂದ ಮೂರೂವರೆ ಅಡಿಗೆ ಕಾಂಪೌಂಡ್ ಗೋಡೆ ಇದೆ. ಗೋಡೆಯ ಬುಡದಲ್ಲಿ ತೆರೆದ ಚರಂಡಿ. ಶನಿವಾರ ಅಂತರ ಶಾಲಾ ಪಂದ್ಯವಿದೆ. ಆ ಬದಿಯಲ್ಲಿ ಥ್ರೋ-ಇನ್ ಹೇಗೆ ಕೊಡಿಸಲಿ?

ರೆಫರಿ: ಇಲ್ಲಿಯವರೆಗಿನ ಪ್ರಶ್ನೆಗಳಲ್ಲಿ ನನಗೆ ಭಯ ಹುಟ್ಟಿಸಿದ್ದು ಇದೊಂದೇ. ಅಂಗಳದ ಸುತ್ತ 2 ಮೀಟರ್ ಅಡೆತಡೆ ಇರಬಾರದು ಎನ್ನುತ್ತದೆ ನಿಯಮ. ನಿಮ್ಮಲ್ಲಿ ಇರುವುದು ಸುಮಾರು ಒಂದು ಮೀಟರ್. ನಮ್ಮ ಎಷ್ಟೋ ಶಾಲೆಗಳ ಸ್ಥಿತಿ ಇದೇ ಎಂದು ಗೊತ್ತು, ಅದಕ್ಕಾಗಿಯೇ ಉದ್ದ ಬರೆಯುತ್ತೇನೆ. ಹೊರಗಿನ ಜಾಗ 2 ಮೀಟರ್‌ಗಿಂತ ಕಡಿಮೆ ಇದ್ದರೆ ಬೇರೆ ಯಾವ ಆಟಗಾರನೂ ಎಸೆಯುವವಳಿಗೆ 1 ಮೀಟರ್‌ಗಿಂತ ಹತ್ತಿರ ನಿಲ್ಲುವಂತಿಲ್ಲ. ಪಂದ್ಯಕ್ಕೆ ಮೊದಲು ಟೇಪು ಹಿಡಿದು ಅಳೆಯಿರಿ. ಆ ಬದಿಯುದ್ದಕ್ಕೂ ಗೆರೆಯಿಂದ ಒಳಗೆ 1 ಮೀಟರ್‌ಗೆ ಚಾಕ್‌ನಲ್ಲಿ ಚುಕ್ಕೆ ಹಾಕಿ, ಇಬ್ಬರು ನಾಯಕಿಯರನ್ನೂ ಕರೆದು ತೋರಿಸಿ. ಎಸೆಯುವವಳು ನಿಗದಿತ ಜಾಗದಿಂದ ಪಕ್ಕಕ್ಕೆ ಒಟ್ಟು 1 ಮೀಟರ್ ಮಾತ್ರ ಸರಿಯಬಹುದು, ಹಿಂದಕ್ಕೆ ಎಷ್ಟು ಬೇಕಾದರೂ ಹೋಗಬಹುದು. ಆದರೆ ನಿಮ್ಮಲ್ಲಿ ಹಿಂದೆ ಇರುವುದು ಚರಂಡಿ. ಚೆಂಡಿನ ಮೇಲೆ ಕಣ್ಣಿಟ್ಟ ಮಗು ಹಿಂದೆ ನೋಡುವುದಿಲ್ಲ. ಇಂಥದೇ ಅಂಗಳದಲ್ಲಿ ರಕ್ಷಣೆಯ ಹುಡುಗಿ ಮೈಮೇಲೆ ಬಂದಳೆಂದು ಹಿಂದೆ ಸರಿದ ಹುಡುಗಿಯೊಬ್ಬಳ ಮೊಣಕೈ ಗೋಡೆಗೆ ಬಡಿದದ್ದನ್ನು ನೋಡಿದ್ದೇನೆ. ರೆಫರಿ ನಾನೇ. ದೂರ ನಿಲ್ಲು ಎಂದು ರಕ್ಷಣೆಯವಳಿಗೆ ಹೇಳಿರಲಿಲ್ಲ. ಅಂದಿನಿಂದ ಅಳೆಯದೆ ಪಂದ್ಯ ಶುರು ಮಾಡಿಲ್ಲ.

ಕೋಚ್, ಬೆಂಗಳೂರು: ನನ್ನದೊಂದು. ಫ್ರಂಟ್‌ಕೋರ್ಟ್ (ಎದುರಾಳಿಯ ಬುಟ್ಟಿ ಇರುವ ಅರ್ಧ) ಸೈಡ್‌ಲೈನ್‌ನಿಂದ ಥ್ರೋ-ಇನ್. ನಮ್ಮವನು ಫ್ರಂಟ್‌ಕೋರ್ಟ್‌ನಿಂದ ನೆಗೆದು, ಗಾಳಿಯಲ್ಲಿ ಚೆಂಡು ಹಿಡಿದು ಬ್ಯಾಕ್‌ಕೋರ್ಟ್‌ನಲ್ಲಿ (ನಮ್ಮ ಬುಟ್ಟಿ ಇರುವ ಅರ್ಧದಲ್ಲಿ) ಇಳಿದ. ಚೆಂಡನ್ನು ಬ್ಯಾಕ್‌ಕೋರ್ಟ್‌ಗೆ ಮರಳಿ ತಂದ ತಪ್ಪೆಂದು ವಯಲೇಷನ್ ಕೊಟ್ಟರು. ಇದು ಅನ್ಯಾಯ.

ಆಟಗಾರ, ಮೈಸೂರು: ಅನ್ಯಾಯವಲ್ಲ, ನಿಯಮ.

ಕೋಚ್, ಬೆಂಗಳೂರು: ನನ್ನ ತಮ್ಮನ ಮಗ ಅಮೆರಿಕದ ಹೈಸ್ಕೂಲ್ ತಂಡದಲ್ಲಿ ಆಡುತ್ತಾನೆ. ಅಲ್ಲಿ ಇದು ಸರಿ. ಥ್ರೋ-ಇನ್‌ಗೆ ವಿನಾಯಿತಿ ಇದೆ.

ಆಟಗಾರ, ಮೈಸೂರು: ಅಲ್ಲಿ ಇರಬಹುದು ಸರ್. ನೀವು ಪಂದ್ಯ ಆಡಿಸಿದ್ದು ಇಲ್ಲಿ.

ಕೋಚ್, ಬೆಂಗಳೂರು: ನಿಮ್ಮ ಕ್ಲಬ್‌ನವರಿಗೆ ಸೋತಾಗ ಮಾತ್ರ ನಿಯಮ ನೆನಪಾಗುತ್ತದೆ. ಹೋದ ವರ್ಷದ ಸೆಮಿಫೈನಲ್ ಮರೆತಿಲ್ಲ ನಾನು.

ಆಟಗಾರ, ಮೈಸೂರು: ಆ ಪಂದ್ಯ ಗೆದ್ದವರು ನಾವು. ಅದನ್ನೂ ಮರೆಯಬೇಡಿ.

ತರಬೇತುದಾರ, ಮಂಡ್ಯ: ಹಿರಿಯರ ಜೊತೆ ಸ್ವಲ್ಪ ಮರ್ಯಾದೆಯಿಂದ ಮಾತನಾಡಪ್ಪಾ.

ಆಟಗಾರ, ಮೈಸೂರು: ಮರ್ಯಾದೆ ತಪ್ಪಿದ್ದು ಯಾರು ಎಂಬುದು ಮೇಲೆಯೇ ಇದೆ, ಓದಿ.

ರೆಫರಿ: ಇಬ್ಬರೂ ನಿಲ್ಲಿಸಿ. ಕೋಚ್ ಅವರೇ, ವಯಲೇಷನ್ ಸರಿ. ಫಿಬಾ ನಿಯಮದಲ್ಲಿ ಥ್ರೋ-ಇನ್‌ಗೆ ಚೆಂಡು ಕೈಗೆ ಬಂದಾಗಲೇ ತಂಡಕ್ಕೆ ಚೆಂಡಿನ ಹಿಡಿತ ಸಿಕ್ಕಿದಂತೆ. ಗಾಳಿಯಲ್ಲಿ ಹಿಡಿದು ಬ್ಯಾಕ್‌ಕೋರ್ಟ್‌ನಲ್ಲಿ ಇಳಿಯುವ ವಿನಾಯಿತಿ ಇರುವುದು ಗಾಳಿಯಲ್ಲೇ ಹೊಸದಾಗಿ ಹಿಡಿತ ಗಳಿಸಿದವನಿಗೆ. ನಿಮ್ಮ ತಂಡದ ಬಳಿ ಅದು ಆಗಲೇ ಇತ್ತು. ಆ ಎಸೆತವನ್ನು ಎದುರಾಳಿ ನೆಗೆದು ಹಿಡಿದು ತನ್ನ ಬ್ಯಾಕ್‌ಕೋರ್ಟ್‌ನಲ್ಲಿ ಇಳಿದಿದ್ದರೆ ತಪ್ಪಿರಲಿಲ್ಲ. ಅಮೆರಿಕದ ಮಾತನ್ನು ಇಲ್ಲಿ ಇನ್ನೊಮ್ಮೆ ತರಬೇಡಿ.

ಪೋಷಕರು, ತುಮಕೂರು: ಕೊನೆಯ ಎರಡು ನಿಮಿಷದಲ್ಲಿ ಥ್ರೋ-ಇನ್‌ಗೆ ಮೊದಲೇ ಅಂಗಳದೊಳಗೆ ಹಿಡಿದು ಎಳೆದರೆ ಎರಡು ಫ್ರೀ ಥ್ರೋ ಎಂದು ಇನ್ನೊಂದು ಸಂದೇಶ ಬಂದಿದೆ ಮೇಡಂ.

ರೆಫರಿ: ತಪ್ಪು. 2022ರ ನಿಯಮದಂತೆ ಅದು ಥ್ರೋ-ಇನ್ ಫೌಲ್. ಒಂದು ಫ್ರೀ ಥ್ರೋ, ಜೊತೆಗೆ ಚೆಂಡು. ಆ ಸಂದೇಶಗಳನ್ನು ದಯವಿಟ್ಟು ಅಳಿಸಿ.

ಪೋಷಕರು, ಮೈಸೂರು: ಬ್ಯಾಸ್ಕೆಟ್ ಆದ ಮೇಲೆ ಎಸೆಯುವವನು ಎಂಡ್‌ಲೈನ್ (ಬುಟ್ಟಿಯ ಹಿಂದಿನ ಗೆರೆ) ಹಿಂದೆ ಓಡಾಡಬಹುದೇ?

ರೆಫರಿ: ಬಹುದು. ಹೊರಗೇ ಇರುವ ಜೊತೆಗಾರನಿಗೆ ಪಾಸ್ ಕೂಡ ಮಾಡಬಹುದು. ಎಣಿಕೆ ಮಾತ್ರ ಮೊದಲನೆಯವನಿಂದಲೇ.

ಪೋಷಕರು, ದಾವಣಗೆರೆ: ಎಣಿಕೆ ಅಂದರೆ ಐದು ಸೆಕೆಂಡೇ? ಅದನ್ನೇ ಕೇಳಿದ್ದೆ, ಉತ್ತರ ಸಿಗಲಿಲ್ಲ.

ತರಬೇತುದಾರ, ಮಂಡ್ಯ: ಮೇಡಂ, ವಿಡಿಯೊ ನೋಡಿದೆ. ರೆಫರಿ ಸಂಜ್ಞೆ ತೋರಿಸಿರಲಿಲ್ಲ.

ರೆಫರಿ: ಹಾಗಾದರೆ ಎಚ್ಚರಿಕೆಯೇ ಸರಿಯಾದ ತೀರ್ಪು. ಚಿಕ್ಕಮಗಳೂರಿನ ಮೇಡಂ, ಚರಂಡಿಗೆ ಏನು ಮಾಡಿದಿರಿ?

ಶಿಕ್ಷಕಿ, ಚಿಕ್ಕಮಗಳೂರು: ಮುಖ್ಯ ಶಿಕ್ಷಕರಿಗೆ ನಿಮ್ಮ ಉತ್ತರ ಓದಿ ಹೇಳಿದೆ. ಕಲ್ಲು ಚಪ್ಪಡಿ ನಾಳೆ ಬರುತ್ತದೆ. ಅರ್ಧ ಉದ್ದಕ್ಕೆ ಮಾತ್ರ ಸಾಲುತ್ತದೆ.

ರೆಫರಿ: ಉಳಿದ ಅರ್ಧಕ್ಕೂ ತರಿಸಿ. ಅದು ಮುಚ್ಚುವವರೆಗೆ ಆ ಅಂಗಳದಲ್ಲಿ ಚೆಂಡು ಎಸೆಯಬೇಡಿ. ಶನಿವಾರ ಆಗದಿದ್ದರೆ ಪಂದ್ಯ ಮುಂದೂಡಿ. ಯಾರಾದರೂ ಒಪ್ಪದಿದ್ದರೆ ನನಗೆ ಫೋನ್ ಮಾಡಿಸಿ, ನಾನು ಮಾತನಾಡುತ್ತೇನೆ.