ಕೊಯಮತ್ತೂರಿನಿಂದ ಮೈಸೂರಿಗೆ ಊಟಿ, ಬಂಡೀಪುರದ ಮೇಲೆ ವಾಪಸ್: ಯಾವ ದಾರಿ ಹಿಡಿಯಬೇಕು?

ಬೆಟ್ಟದಹಾದಿ:
ಕೊಯಮತ್ತೂರಿನಲ್ಲಿ ಮದುವೆ ಮುಗಿಸಿಕೊಂಡು ಮೈಸೂರಿಗೆ ಬರಬೇಕು. ಸತ್ಯಮಂಗಲ ಕಡೆಯ ದಿಂಬಂ ಘಾಟಿ ಬಿಟ್ಟು ಕೂನೂರು, ಊಟಿ, ಮುದುಮಲೈ, ಬಂಡೀಪುರ ನೋಡಿಕೊಂಡು ಬರುವ ಯೋಚನೆ ಇದೆ. ಎರಡು ಕಾರು: ಒಂದು ಪೆಟ್ರೋಲ್ ಆಟೋಮ್ಯಾಟಿಕ್, ಇನ್ನೊಂದು ಎಲೆಕ್ಟ್ರಿಕ್. ಜೊತೆಗೆ ವಯಸ್ಸಾದವರು, ಮಕ್ಕಳು ಇದ್ದಾರೆ. ಊಟಿಯಿಂದ ಮಸಿನಗುಡಿ ಕಡೆ ಇಳಿದರೆ ಹತ್ತಿರ ಅಂತ ಮ್ಯಾಪ್ ತೋರಿಸುತ್ತಿದೆ. ಒಂದೇ ದಿನದಲ್ಲಿ ಆಗುತ್ತಾ? ಘಾಟಿಯಲ್ಲಿ ಏನು ನೋಡಿಕೊಳ್ಳಬೇಕು?

ಗುಂಡ್ಲುಪೇಟೆರಸ್ತೆ:
ಮ್ಯಾಪ್ ಹೇಳಿದ್ದನ್ನು ಇಲ್ಲಿ ನಂಬಬೇಡಿ. ಊಟಿ ದಾಟಿದ ಮೇಲೆ ತಲೈಕುಂದಾ ಹತ್ತಿರ ರಸ್ತೆ ಕವಲೊಡೆಯುತ್ತದೆ. ಬಲಕ್ಕೆ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ಘಾಟಿ, 36 ಹೇರ್‌ಪಿನ್ ತಿರುವು, ತೀರಾ ಕಡಿದು. ಹೊರಗಿನ ಗಾಡಿಗಳು ಆ ಘಾಟಿಯಲ್ಲಿ ಇಳಿಯುವಂತಿಲ್ಲ, ಪೊಲೀಸರು ವಾಪಸ್ ಕಳಿಸುತ್ತಾರೆ. ನೀವು ಎಡಕ್ಕೆ ಹೋಗಿ: ಪೈಕಾರಾ, ನಡುವಟ್ಟಂ, ಗೂಡಲೂರು, ತೆಪ್ಪಕಾಡು, ಕೆಕ್ಕನಹಳ್ಳ ಚೆಕ್‌ಪೋಸ್ಟ್, ಬಂಡೀಪುರ, ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್, ಗುಂಡ್ಲುಪೇಟೆ. ಕೊಯಮತ್ತೂರಿನಿಂದ ಮೈಸೂರಿಗೆ ಸುಮಾರು 240 ಕಿ.ಮೀ. ಒಂದೇ ದಿನದಲ್ಲಿ ಆಗುತ್ತದೆ, ಆದರೆ ಬೆಳಗಿನ ಜಾವವೇ ಹೊರಡಬೇಕು.

ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂಡೀಪುರದ ರಸ್ತೆ ಬಂದ್. 2009ರಿಂದ ಇದೇ ನಿಯಮ. ದಿಂಬಂ ಕಡೆ ಹೋದರಾಯ್ತು ಅನ್ನುವ ಹಾಗೂ ಇಲ್ಲ, ಅಲ್ಲೂ ಕಾರುಗಳಿಗೆ ಅದೇ ಹೊತ್ತಿಗೆ ತಡೆ. 5:30ಕ್ಕೆ ಕೊಯಮತ್ತೂರು ಬಿಟ್ಟು, ಊಟಿಯಲ್ಲಿ ಊಟ ಮುಗಿಸಿ 1 ಗಂಟೆಗೆ ಹೊರಟರೆ ಕಾಡು ಬೆಳಕಿನಲ್ಲೇ ದಾಟುತ್ತದೆ. ಊಟಿಯಿಂದ ಗೂಡಲೂರು ಬರೀ 50 ಕಿ.ಮೀ. ಆದರೂ ಎರಡು ಗಂಟೆ ಇಟ್ಟುಕೊಳ್ಳಿ. ವಾರಾಂತ್ಯದಲ್ಲಿ ಪೈಕಾರಾ ಬೋಟ್ ಹೌಸ್ ಹತ್ತಿರವೇ ಗಾಡಿ ತೆವಳುತ್ತದೆ.

ನೀಲಗಿರಿ ಹತ್ತಲು ಇ-ಪಾಸ್ ಬೇಕು. 2024ರ ಮೇ 7ರಿಂದ ಜಾರಿಯಲ್ಲಿದೆ. ಎರಡೂ ಕಾರಿಗೆ ಬೇರೆ ಬೇರೆ ಪಾಸ್ ತೆಗೆದು ಫೋನಿನಲ್ಲಿ ಉಳಿಸಿಕೊಳ್ಳಿ. ಒಂದು, ಎರಡು ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿ ಅಲ್ಲಿ ನಿಷಿದ್ಧ. ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ.

ಎರಡನೇಗೇರ್:
ಘಾಟಿಯಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ಅಪಾಯ. ಊಟಿ 2,240 ಮೀಟರ್ ಎತ್ತರ, ಗೂಡಲೂರು ಸಾವಿರದ ಆಸುಪಾಸು. ಈ ಇಳಿಕೆಯ ಹೆಚ್ಚಿನ ಪಾಲು ನಡುವಟ್ಟಂ ದಾಟಿದ ಮೇಲೇ ಬರುತ್ತದೆ. ಅಲ್ಲಿಯವರೆಗೆ ಏರಿಳಿತ ಇರುವುದರಿಂದ ಡ್ರೈವರ್ ಮೈಮರೆತಿರುತ್ತಾನೆ.

ಆಟೋಮ್ಯಾಟಿಕ್ ಕಾರಿನ ಗೇರನ್ನು ಡಿ-ಯಲ್ಲೇ (ಡ್ರೈವ್) ಬಿಟ್ಟರೆ ಅದು ಮೇಲಿನ ಗೇರಿಗೆ ಹೋಗುತ್ತದೆ, ಎಂಜಿನ್ ಹಿಡಿತ ಸಿಗುವುದಿಲ್ಲ. ಆಗ ಇಡೀ ಭಾರ ಬ್ರೇಕಿನ ಮೇಲೆ. ಮ್ಯಾನುಯಲ್ ಮೋಡ್‌ಗೆ ಹಾಕಿ ಎರಡನೇ ಗೇರ್ ಹಿಡಿದುಕೊಳ್ಳಿ. ಸಿವಿಟಿ (ಗೇರಿನ ಹಂತಗಳಿಲ್ಲದ ಆಟೋಮ್ಯಾಟಿಕ್) ಆದರೆ ಲಿವರನ್ನು ಎಲ್ ಅಥವಾ ಎಸ್‌ಗೆ ಹಾಕಿ. ಬ್ರೇಕನ್ನು ಸಣ್ಣಗೆ ಒತ್ತಿಕೊಂಡೇ ಇಳಿಯಬೇಡಿ. ತಿರುವಿಗೆ ಮೊದಲು ಒಮ್ಮೆ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಬಿಟ್ಟಾಗಲೇ ಡಿಸ್ಕ್ ತಣಿಯುವುದು.

ಸುಟ್ಟ ವಾಸನೆ ಬಂತು ಅಥವಾ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿದೆ ಅಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಬಿಡಿ. ಬಿಸಿ ಡಿಸ್ಕಿಗೆ ನೀರು ಸುರಿದರೆ ಸೊಟ್ಟಗಾಗುತ್ತದೆ. ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ಆಗಿದ್ದರೆ ಹೊರಡುವ ಮುಂಚೆ ಬದಲಿಸಿ: ಹಳೆಯದು ತೇವಾಂಶ ಎಳೆದುಕೊಂಡಿರುತ್ತದೆ, ಬೇಗ ಕುದಿಯುತ್ತದೆ, ಗುಳ್ಳೆ ಎದ್ದರೆ ಪೆಡಲ್ ಒತ್ತಿದರೂ ಒತ್ತಡ ಹೋಗುವುದಿಲ್ಲ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವುದು, ಎಂಜಿನ್ ಆಫ್ ಮಾಡುವುದು ಬೇಡವೇ ಬೇಡ. ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಿನಂತಾಗುತ್ತದೆ.

ಇಕ್ಕಟ್ಟಿನಲ್ಲಿ ಹತ್ತುವ ಗಾಡಿಗೆ ಮೊದಲು ದಾರಿ. ಮಂಜು ಕವಿದರೆ ಲೋ ಬೀಮ್ ಸಾಕು. ಹಜಾರ್ಡ್ ಲೈಟ್ ಹಾಕಿಕೊಂಡು ಓಡಿಸಿದರೆ ನೀವು ಯಾವ ಕಡೆ ತಿರುಗುತ್ತೀರಿ ಅಂತ ಹಿಂದಿನವರಿಗೆ ಗೊತ್ತಾಗುವುದಿಲ್ಲ.

ಬೆಟ್ಟದಹಾದಿ:
ಎಲೆಕ್ಟ್ರಿಕ್ ಕಾರನ್ನು ಊಟಿಯಲ್ಲಿ ಪೂರ್ತಿ ಚಾರ್ಜ್ ಮಾಡಿಕೊಳ್ಳಬೇಕಾ?

ಎರಡನೇಗೇರ್:
ಬೇಡ, ಶೇ. 80ಕ್ಕೆ ನಿಲ್ಲಿಸಿ. ಬ್ಯಾಟರಿ ತುಂಬಿದ್ದರೆ ರೀಜೆನ್ (ಇಳಿಯುವಾಗ ಮೋಟಾರೇ ಗಾಡಿಯನ್ನು ಹಿಡಿದು ಬ್ಯಾಟರಿಗೆ ಕರೆಂಟ್ ತುಂಬುವುದು) ಕೆಲಸ ಮಾಡುವುದಿಲ್ಲ, ಮಾಡಿದರೂ ಅರೆಬರೆ. ಆಗ ಇದೂ ಬರೀ ಬ್ರೇಕಿನ ಗಾಡಿಯೇ. ಹತ್ತುವಾಗ ಮಾತ್ರ ಲೆಕ್ಕ ಹಾಕಿ: ಮೆಟ್ಟುಪಾಳ್ಯಂನಿಂದ ಊಟಿಗೆ ಸುಮಾರು 1,900 ಮೀಟರ್ ಏರಿಕೆ. ಜನ, ಲಗೇಜು ಸೇರಿ 1.8 ಟನ್ ಇರುವ ಕಾರಿಗೆ ಆ ಎತ್ತರಕ್ಕೇ 9 ಯೂನಿಟ್ ಬೇಕು, ದೂರದ ಖರ್ಚು ಬೇರೆ. ಕೊಯಮತ್ತೂರಿನಲ್ಲಿ ಫುಲ್ ಮಾಡಿ ಹೊರಡಿ.

ಕಾಡಂಚು:
ಕಾಡಿನ ಭಾಗಕ್ಕೆ ನನ್ನ ಮಾತು. ಟಾಯ್ಲೆಟ್, ಕಾಫಿ, ಪೆಟ್ರೋಲ್ ಎಲ್ಲಾ ಗೂಡಲೂರಿನಲ್ಲೇ ಮುಗಿಸಿ. ವಾಂತಿ ಆಗುವ ಮಕ್ಕಳನ್ನೂ ಅಲ್ಲೇ ಅರ್ಧ ಗಂಟೆ ಸುಧಾರಿಸಿಕೊಳ್ಳಲು ಬಿಡಿ. ಮುಂದೆ ಕಾಡಿನೊಳಗೆ ಗಾಡಿ ನಿಲ್ಲಿಸುವುದು, ಇಳಿಯುವುದು ನಿಷಿದ್ಧ, ದಂಡ ಬೀಳುತ್ತದೆ. ಹಂಪ್‌ಗಳು ಸಾಲಾಗಿ ಇವೆ, 30-40ರಲ್ಲಿ ಹೋಗಿ. ಜಿಂಕೆ ಒಂದು ದಾಟಿತು ಅಂದರೆ ಹಿಂದೆ ಇನ್ನೂ ಬರುತ್ತವೆ, ತಕ್ಷಣ ಹೊರಡಬೇಡಿ.

ಆನೆ ರಸ್ತೆಯಲ್ಲಿದ್ದರೆ 50 ಮೀಟರ್ ಹಿಂದೆಯೇ ನಿಲ್ಲಿಸಿ. ಹಾರ್ನ್ ಬೇಡ, ಲೈಟ್ ಮಿಣುಕಿಸಬೇಡಿ, ಎಂಜಿನ್ ಆನ್ ಇರಲಿ. ಮರಿ ಇದ್ದರೆ ಇನ್ನೂ ದೂರ. ಕಿವಿ ಅಗಲಿಸಿ ನಿಮ್ಮತ್ತ ತಿರುಗಿ ನಿಂತಿತು ಅಂದರೆ ನಿಧಾನವಾಗಿ ರಿವರ್ಸ್ ತೆಗೆದುಕೊಳ್ಳಿ. ಹಾಗಾಗಿ ಮುಂದಿನ ಗಾಡಿಗೆ ಅಂಟಿಕೊಂಡು ನಿಲ್ಲಬೇಡಿ, ಅವರಿಗೂ ಹಿಂದೆ ಸರಿಯಲು ಜಾಗ ಬೇಕು. ಮಂಗಗಳಿಗೆ ಬಿಸ್ಕತ್ತು ಎಸೆಯುವುದನ್ನು ದಯವಿಟ್ಟು ಮಕ್ಕಳಿಗೆ ಕಲಿಸಬೇಡಿ. ಅದಕ್ಕಾಗಿಯೇ ಅವು ರಸ್ತೆಗೆ ಬಂದು ಗಾಡಿಗೆ ಸಿಕ್ಕಿ ಸಾಯುತ್ತವೆ.

ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಇದೇ ದಿನಕ್ಕೆ ಸೇರಿಸಬೇಡಿ. ಹಂಗಳದಿಂದ ಒಳಗೆ ಹೋಗಿ, ಬೆಟ್ಟದ ಬುಡದಲ್ಲಿ ಕಾರು ಬಿಟ್ಟು, ಸರ್ಕಾರಿ ಬಸ್ಸಿನಲ್ಲೇ ಹತ್ತಬೇಕು. ನೀವು ಹಂಗಳ ತಲುಪುವಷ್ಟರಲ್ಲಿ ಅದರ ಹೊತ್ತು ಮೀರಿರುತ್ತದೆ. ಮೈಸೂರಿನವರೇ ಆದ್ದರಿಂದ ಒಂದು ಭಾನುವಾರ ಬೆಳಗ್ಗೆ ಬನ್ನಿ.