ಮಿಡೋರಿ ಅಂದ್ರೆ ಕರ್ಬೂಜನಾ?

ಕುತೂಹಲಿ: ಒಂದು ಸಣ್ಣ ಡೌಟು. ಮಿಡೋರಿ ಅಂತ ಲಿಕ್ಯೂರ್ (ಸಿಹಿ ಮದ್ಯ) ಇದೆಯಲ್ಲ, ಕಣ್ಣು ಕುಕ್ಕೋ ಹಸಿರು, ಕರ್ಬೂಜದ ಘಮ, ವಿಪರೀತ ಸಿಹಿ, ಅದರ ಹೆಸರು ಜಪಾನಿ ಪದ ಅಂತೆ. ಇಷ್ಟು ದಿನ ಅದಕ್ಕೆ ಕರ್ಬೂಜ ಅಂತಲೇ ಅರ್ಥ ಅಂದ್ಕೊಂಡಿದ್ದೆ, ಮೊನ್ನೆ ಫ್ರೆಂಡ್ ಒಬ್ಬ ಅದು ಹೆಣ್ಮಕ್ಕಳ ಹೆಸರು ಕಣೋ ಅಂತ ನಕ್ಕುಬಿಟ್ಟ. ಯಾವುದು ಸರಿ?

ತಿರುಗಾಡಿ: ಕರ್ಬೂಜ ಅಲ್ಲ, ಹಸಿರು ಅಷ್ಟೇ. ಕರ್ಬೂಜಕ್ಕೆ ಅವರು ಇಂಗ್ಲಿಷಿಂದ ತಗೊಂಡು ಮೆರೊನ್ ಅಂತಾರೆ. ನಿಮ್ಮ ಫ್ರೆಂಡೂ ಸುಳ್ಳು ಹೇಳಿಲ್ಲ, ಹೆಣ್ಮಕ್ಕಳಿಗೂ ಆ ಹೆಸರಿಡ್ತಾರೆ, ಮಿಡೋರಿ ಅಂತಲೇ ಫೇಮಸ್ ಆಗಿರೋ ಪಿಟೀಲು ವಾದಕಿ ಇದ್ದಾರಲ್ಲ. ಜಪಾನಿನ ಸಂಟೋರಿ ಕಂಪ್ನಿ ಈ ಲಿಕ್ಯೂರನ್ನ 1964ರಲ್ಲಿ ಹರ್ಮೀಸ್ ಮೆಲನ್ ಲಿಕ್ಯೂರ್ ಅಂತ ಮಾರ್ತಿತ್ತು, 1978ರಲ್ಲಿ ನ್ಯೂಯಾರ್ಕಿನ ಸ್ಟುಡಿಯೋ 54 ಕ್ಲಬ್ಬಲ್ಲಿ ದೊಡ್ಡ ಪಾರ್ಟಿ ಮಾಡಿ ಅಮೆರಿಕಕ್ಕೆ ಇಳಿಸಿದಾಗ ಈ ಹೆಸರು.

ಪದಪುರಾಣ: ಹಸಿರು ಅಂದ್ರೆ ಅರ್ಧ ಉತ್ತರ ಆಯ್ತು. ಹಳೇ ಜಪಾನಿಯಲ್ಲಿ ಮಿಡೋರಿಗೆ ಚಿಗುರು, ಎಳಸು ಅನ್ನೋ ಅರ್ಥವೂ ಇತ್ತು. ಅದಕ್ಕೇ ಎಳೇ ಮಗುಗೆ ಮಿಡೋರಿಗೊ ಅಂತಾರೆ, ಅಂದ್ರೆ ಹಸಿರು ಮಗು, 702ನೇ ಇಸವಿಯ, ಮನೆಮನೆಯ ಜನರ ಲೆಕ್ಕದ ದಾಖಲೆಗಳಲ್ಲೇ ಪುಟ್ಟ ಮಕ್ಕಳನ್ನ ಹಾಗೆ ಬರೆದಿದ್ದಾರೆ. ವಿಚಿತ್ರ ಅನ್ಸುತ್ತಾ? ನಾವು ಹಸುಗೂಸು ಅನ್ನಲ್ವಾ, ಆ ಹಸು ದನ ಅಲ್ಲ ಮಾರಾಯ್ರೇ, ಹಸಿ, ಹಸಿರು ಇವುಗಳ ನೆಂಟ. ಇನ್ನೊಂದು ಮಜಾ ಅಂದ್ರೆ ಮಿಡೋರಿ ನೊ ಕುರೊಕಾಮಿ, ಹಸಿರಾದ ಕರಿಗೂದಲು! ಮಿರಮಿರ ಮಿಂಚೋ ದಟ್ಟ ಕಪ್ಪು ಕೂದಲಿಗೆ ಹಾಗಂತಾರೆ.

ಕುತೂಹಲಿ: ಹಸುಗೂಸು ಹೊಳೆದೇ ಇರ್ಲಿಲ್ಲ ನೋಡಿ! ಆದ್ರೆ ಹಸಿರಿಗೆ ಅವ್ರು ಆಓ ಅಂತಾರೆ ಅಂತ ಎಲ್ಲೋ ಓದಿದ್ದೆ, ಅದು ನೀಲಿ ಅಲ್ವಾ?

ಪದಪುರಾಣ: ಎರಡೂ ಹೌದು. ಮೊದಲು ಆಓ ಒಂದೇ ನೀಲಿ ಹಸಿರು ಎರಡಕ್ಕೂ ಆಗ್ತಿತ್ತು, ಈಗ್ಲೂ ಸಿಗ್ನಲ್ಲಿನ ಹಸಿರು ದೀಪ ಆಓ, ಹಸಿರು ಸೇಬು ಆಓರಿಂಗೊ. ಆದ್ರೆ ರೈಲ್ವೆ ಟಿಕೆಟ್ ಕೌಂಟರ್ ಮಿಡೋರಿ ನೊ ಮಡೊಗುಚಿ (ಹಸಿರು ಕಿಟಕಿ), ಮೇ 4ರ ರಜೆ ಮಿಡೋರಿ ನೊ ಹಿ (ಹಸಿರು ದಿನ). ಬಾಟ್ಲಿಗೆ ಆಓ ಅಂತ ಇಟ್ಟಿದ್ರೆ ಒಳಗಿರೋದು ನೀಲಿನೋ ಹಸಿರೋ ಅಂತ ಜಪಾನಿನವ್ರೇ ಕೇಳ್ತಿದ್ರೇನೋ. ಅಂದಹಾಗೆ ಅವ್ರು ನಮ್ಮ ಥರ ನಡುವೆ ಎಳೆಯಲ್ಲ, ಮೂರೂ ಹ್ರಸ್ವ, ಮಿದೊರಿ.

ತಿರುಗಾಡಿ: ಆ ಕಣ್ಣು ಕುಕ್ಕೋ ಹಸಿರು ಹಣ್ಣಿಂದ ಬಂದಿದ್ದಲ್ಲ ಬಿಡಿ, ಬಣ್ಣ ಹಾಕಿದ್ದು. ಆ ಲಿಕ್ಯೂರಿಗೆ ಬಳಸೋ ಹಣ್ಣುಗಳಲ್ಲಿ ಒಂದು ಯೂಬರಿ ಕರ್ಬೂಜ, ಕೊಯ್ದು ನೋಡಿದ್ರೆ ಒಳಗೆ ಪೂರ್ತಿ ಕಿತ್ತಳೆ ಬಣ್ಣ 😄