ಮಾತು ಬರದೆ ಓದು ಬಂದೀತೇ?

ವಾಸ್ಕೋ ಓದುಗ: ಎಂಟು ತಿಂಗಳಿಂದ ರಾತ್ರಿ ಊಟ ಮುಗಿಸಿ ಒಂದು ತಾಸು ಪೋರ್ಚುಗೀಸ್ ಸ್ವಯಂಬೋಧಿನಿ ಹಿಡಿದು ಕೂರುತ್ತಿದ್ದೇನೆ. ಮಾತಾಡುವ ಆಸೆ ಇಲ್ಲ. ಕೃಷ್ಣದೇವರಾಯನ ವಿಜಯನಗರವನ್ನು ಕಣ್ಣಾರೆ ಕಂಡ ಡೊಮಿಂಗೊ ಪಾಯೆಸ್, ಅಚ್ಯುತರಾಯನ ಕಾಲಕ್ಕೆ ಬಂದ ಕುದುರೆ ವ್ಯಾಪಾರಿ ನ್ಯೂನಿಜ್, ಇವರಿಬ್ಬರನ್ನು ಅವರ ನುಡಿಯಲ್ಲೇ ಓದಬೇಕು, ಅಷ್ಟೇ. 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದ ಪಠ್ಯ ನನ್ನ ಬಳಿ ಇದೆ. ಇಪ್ಪತ್ತು ಪಾಠ ಮುಗಿದಿವೆ. ಹೋಟೆಲಿನಲ್ಲಿ ಕೋಣೆ ಕೇಳಬಲ್ಲೆ, ರೈಲು ಟಿಕೆಟ್ ಕೊಳ್ಳಬಲ್ಲೆ. ಆದರೆ ಪಾಯೆಸ್‌ನ ಒಂದು ವಾಕ್ಯ ಬಿಡಿಸಲು ಅರ್ಧ ಗಂಟೆ ಬೇಕು. ಪುಸ್ತಕ ಪೂರ್ತಿ ಮುಗಿಸಿ ಅತ್ತ ಹೋಗಲೇ, ಈಗಲೇ ಕೈ ಹಾಕಲೇ?

ಮುಲುಂಡ್ ಮೇಷ್ಟ್ರು: ಎರಡೂ ಬೇಡ, ತರಗತಿಗೆ ಸೇರಿ. ಹದಿನೈದು ವರ್ಷ ಫ್ರೆಂಚ್ ಕಲಿಸಿದ ಅನುಭವದಿಂದ ಹೇಳುತ್ತಿದ್ದೇನೆ. ಒಬ್ಬರೇ ಕೂತು ಕಲಿತವರ ತಪ್ಪನ್ನು ತಿದ್ದುವವರಿರುವುದಿಲ್ಲ, ತಪ್ಪೇ ಗಟ್ಟಿಯಾಗುತ್ತದೆ. ಪೋರ್ಚುಗೀಸಿನಲ್ಲಿ 'ಪುಶಾರ್' ಎಂದರೇನು ಹೇಳಿ? ಇಂಗ್ಲಿಷಿನ ಕಿವಿಗೆ ದೂಡುವುದು ಅನ್ನಿಸುತ್ತದೆ, ಅರ್ಥ ಎಳೆಯುವುದು. ಅಷ್ಟಕ್ಕೂ ಪಾಯೆಸ್, ನ್ಯೂನಿಜ್ ಇಬ್ಬರನ್ನೂ ರಾಬರ್ಟ್ ಸೀವೆಲ್ 1900ರಲ್ಲೇ ಇಂಗ್ಲಿಷಿಗೆ ತಂದಿದ್ದಾನಲ್ಲ?

ಪುಣೆ ಸಂಸ್ಕೃತ ವಿದ್ಯಾರ್ಥಿನಿ: ಮೇಷ್ಟ್ರೇ, ಒಪ್ಪುವುದಿಲ್ಲ. ನನಗೆ ಜರ್ಮನ್ ಓದಲು ಬರುತ್ತದೆ, ಒಂದು ಕಪ್ ಚಹಾ ಕೇಳಲು ಬರುವುದಿಲ್ಲ. ನನಗೆ ಬೇಕಿದ್ದದ್ದು ಬ್ಯೋಟ್‌ಲಿಂಕ್ ಮತ್ತು ರೋಟ್ ಅವರ ಸಂಸ್ಕೃತ ಕೋಶ. 1855ರಿಂದ 1875ರವರೆಗೆ ಪೀಟರ್ಸ್‌ಬರ್ಗಿನಲ್ಲಿ ಬಂದ ಏಳು ಸಂಪುಟ, ವಿವರಣೆಯೆಲ್ಲ ಜರ್ಮನ್. ಅಪ್ಪಾ ಬಳವಂತ ಚೌಕದಲ್ಲಿ ಕೊಂಡ ಒಂದು ವ್ಯಾಕರಣವೇ ನನ್ನ ಗುರು.

ವಾಸ್ಕೋದವರಿಗೆ ಒಂದು ಮಾತು. ನಮ್ಮ ಕೈಗೆ ಸಿಗುವ ಸ್ವಯಂಬೋಧಿನಿಗಳೆಲ್ಲ ಇಂಗ್ಲಿಷಿನವರಿಗಾಗಿ ಬರೆದವು. ಅವರಿಗೆ ಕಷ್ಟವಾದದ್ದು ನಮಗೂ ಕಷ್ಟ ಎಂದು ನಾವೇ ನಂಬಿಬಿಡುತ್ತೇವೆ. ನನ್ನ ಪುಸ್ತಕದ ಕೊನೆಗೆ 'ಎಚ್ಚರಿಕೆಯಿಂದ ಬಿಡಿಸಿ' ಎಂದು ಇಡೀ ಅಧ್ಯಾಯ ಕೊಟ್ಟ ವಾಕ್ಯರೂಪ ಇದು: 'ಡೆರ್ ಫೊನ್ ಮೈನೆಮ್ ಫಾಟರ್ ಗೆಸ್ಟರ್ನ್ ಗೆಕೌಫ್ಟೆ ವಾಗನ್'. ಎರಡು ವಾರ ಅದನ್ನು ಇಂಗ್ಲಿಷಿಗೆ ತಿರುಗಿಸಿ, ಹಿಂದಿನಿಂದ ಮುಂದಕ್ಕೆ ಎಳೆದು ಒದ್ದಾಡಿದೆ. ಒಂದು ದಿನ ಪದಕ್ಕೆ ಪದ ಕನ್ನಡ ಬರೆದೆ: 'ನನ್ನ ಅಪ್ಪ ನಿನ್ನೆ ಕೊಂಡ ಕಾರು'. ಅದೇ ಕ್ರಮ! 'ಕೊಂಡ' ಎಂಬ ನಮ್ಮ ಕೃದಂತವೇ ಅಲ್ಲಿ ಕೂತಿದೆ. ಅಂದಿನಿಂದ ಪುಸ್ತಕದ ಅಂಚಿನಲ್ಲಿ ಇಂಗ್ಲಿಷ್ ಬರೆಯುವುದನ್ನೇ ಬಿಟ್ಟೆ.

ಡೊಂಬಿವಲಿ ಧಾರವಾಡದವ: ಅಕ್ಕಾರು ಹೇಳಿದ್ದು ಖರೇ ಅದ. ನಾ ಮುಂಬೈ ಫೋರ್ಟ್‌ದಾಗ ಫುಟ್‌ಪಾತ್ ಮ್ಯಾಲಿಂದ ಸೋವಿಯತ್ ಕಾಲದ ರಶಿಯನ್ ಪುಸ್ತಕ ತಂದು ಕಲತವ. 'ಮ್ನ್ಯೆ ಹೋಲದ್ನ' ಅಂದ್ರ 'ನನಗ ಥಂಡಿ'. ಚತುರ್ಥೀ ವಿಭಕ್ತಿ, ಕ್ರಿಯಾಪದಾನೂ ಬ್ಯಾಡ. 'ನನ್ನ ಕಡೆ ಪುಸ್ತಕ ಅದ' ಅನ್ನೂದೂ ಹಂಗ, ಅವರ ಭಾಷಾದಾಗ 'ಹೊಂದಿದ್ದೇನೆ' ಅಂತ ಅನ್ನಂಗಿಲ್ಲ.

ಮುಲುಂಡ್ ಮೇಷ್ಟ್ರು: ಜರ್ಮನ್, ರಶಿಯನ್ ಸರಿ. ಪೋರ್ಚುಗೀಸಿನಲ್ಲಿ ಕ್ರಿಯಾಪದ ನಡುವೆ ಬರುತ್ತದೆ, ಕನ್ನಡದ ಕ್ರಮ ಅಲ್ಲಿ ಕೈಹಿಡಿಯುವುದಿಲ್ಲ. ಗೆಳೆಯರು ಅದನ್ನು ಮರೆಯಬಾರದು.

ವಾಸ್ಕೋ ಓದುಗ: ಕ್ರಮ ಇಲ್ಲ, ನಿಜ. ಆದರೆ 'ವಿಂ' ಎಂದರೆ ಬಂದೆ, 'ವಿಯೆಮೊಸ್' ಎಂದರೆ ಬಂದೆವು. ನಾನು, ನಾವು ಎಂದು ಬೇರೆ ಹೇಳಬೇಕಿಲ್ಲ, ಕ್ರಿಯಾಪದದ ತುದಿಯಲ್ಲೇ ಇದೆ. ಮೇಜು, ಚಾವಿ, ಪಗಾರ, ಬಾಲ್ದಿ ಹೇಗೂ ಅವರಿಂದ ಬಂದವೇ. ನನ್ನನ್ನು ಸೋಲಿಸುತ್ತಿರುವುದು ಕಾಗುಣಿತ. ಅರ್ಧ ಪದಗಳು ನಿಘಂಟಿನಲ್ಲಿ ಸಿಗುವುದೇ ಇಲ್ಲ.

ಪಣಜಿ ದಫ್ತರ: ಸಿಗುವುದಿಲ್ಲ, ಏಕೆಂದರೆ ಪೋರ್ಚುಗಲ್ 1911ರಲ್ಲಿ ಕಾಗುಣಿತ ಬದಲಿಸಿತು. ನಿಮ್ಮ ಪಠ್ಯ ಅದಕ್ಕೂ ಹಿಂದಿನದು, ಬರಹವಂತೂ ಹದಿನಾರನೇ ಶತಮಾನದ್ದು. ಪದದ ನಡುವಿನ ಆರ್-ಆರ್, ಎಸ್-ಎಸ್ ಬಿಟ್ಟು ಬೇರೆ ಜೋಡಿ ಅಕ್ಷರ ಕಂಡರೆ ಒಂದನ್ನು ತೆಗೆದು ಹುಡುಕಿ. ಪಿ-ಎಚ್ ಇದ್ದರೆ ಎಫ್ ಹಾಕಿ. 'ಎಚ್-ಇ' ಎಂದು ಎರಡೇ ಅಕ್ಷರ ಕಂಡರೆ ಅದು ಇಂದಿನ 'é', ಅಂದರೆ 'ಇದೆ'. ದೊರೆ ಎಂಬ ಅರ್ಥದ 'ರೇಯ್' ಪದದ ಕೊನೆಗೆ ಐ ಬದಲು ವೈ ಇರುತ್ತದೆ. ಇಷ್ಟು ಗೊತ್ತಾದರೆ ಅರ್ಧ ಗಂಟೆಯ ವಾಕ್ಯ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಹಳೆ ದಾಖಲೆ ನೋಡುವುದೇ ನನ್ನ ಕೆಲಸ, ಧೈರ್ಯವಾಗಿ ಹೇಳಬಲ್ಲೆ: ಈಗಲೇ ಶುರು ಮಾಡಿ. ಸೀವೆಲ್‌ನನ್ನು ಪಕ್ಕದಲ್ಲಿಡಿ, ಮುಚ್ಚಿಡಿ, ವಾಕ್ಯ ಬಿಡಿಸಿದ ಮೇಲೆ ತೆರೆಯಿರಿ. ತಿದ್ದುವವರಿಲ್ಲ ಎಂಬ ಮೇಷ್ಟ್ರ ಆತಂಕಕ್ಕೆ ಅವನೇ ಉತ್ತರ.

ಅನುವಾದ ಇರುವಾಗ ಮೂಲ ಯಾಕೆ? ನ್ಯೂನಿಜ್ 'ರಾಚೋಲ್' ಕೋಟೆಯ ಯುದ್ಧ ಬಣ್ಣಿಸುತ್ತಾನೆ. ಗೋವಾದವರಿಗೆ ರಾಚೋಲ್ ಎಂದರೆ ಇಲ್ಲಿನ ಸಾಷ್ಟಿ ತಾಲೂಕಿನ ಸೆಮಿನರಿ, ಪಾದ್ರಿಗಳ ಪಾಠಶಾಲೆ. ಅವನು ಹೇಳುವುದು ನಮ್ಮ ರಾಯಚೂರು! ಪೋರ್ಚುಗೀಸ್ ಕಿವಿಗೆ ಬಿದ್ದ ಕನ್ನಡ ಆ ಪುಟಗಳಲ್ಲಿದೆ. ಅದನ್ನು ಕೇಳಿಸಿಕೊಳ್ಳಬಲ್ಲವರು ಕನ್ನಡಿಗರು, ನಾವು ಓದದೆ ಇನ್ನಾರು ಓದಬೇಕು?

ಮುಲುಂಡ್ ಮೇಷ್ಟ್ರು: ನೀವು ನನ್ನ ವಾದವನ್ನೇ ಗಟ್ಟಿ ಮಾಡಿದಿರಿ. ಕಿವಿ ಬೇಕು.

ಪಣಜಿ ದಫ್ತರ: ಬೇಕು, ಆದರೆ ಯಾವ ಕಾಲದ ಕಿವಿ? ಇಂದಿನ ಲಿಸ್ಬನ್ನಿನವರು ಆ ಅಕ್ಷರಗಳನ್ನು 'ರಾಶೋಲ್' ಎನ್ನುತ್ತಾರೆ. ಆಗ ಅಲ್ಲಿ ಚಕಾರವೇ ಇತ್ತು. ತರಗತಿಯ ಉಚ್ಚಾರ ಹಿಡಿದರೆ ರಾಯಚೂರು ಇನ್ನೂ ದೂರ ಹೋಗುತ್ತದೆ.

ಮುಲುಂಡ್ ಮೇಷ್ಟ್ರು: ಈ ಚಕಾರದ ಮಾತು ಒಪ್ಪಿದೆ. ಆದರೂ ವ್ಯಾಕರಣ ಅರ್ಧಕ್ಕೆ ಬಿಟ್ಟು ಹೋಗುವುದನ್ನು ಒಪ್ಪಲಾರೆ. 'ಫಿಜೆರ' ರೂಪ ಗೊತ್ತೇ? 'ಮಾಡಿದ್ದ' ಎಂಬ ಅರ್ಥ, ಒಂದೇ ಪದದಲ್ಲಿ. ಇಂದಿನ ಮಾತಿನಲ್ಲಿ ಅಪರೂಪ, ಆದ್ದರಿಂದ ಸ್ವಯಂಬೋಧಿನಿಗಳು ಅದನ್ನು ಹಿಂದಕ್ಕೆ ತಳ್ಳುತ್ತವೆ. ಹಳೆಯ ವೃತ್ತಾಂತಗಳಲ್ಲಿ ಅದಿಲ್ಲದೆ ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂದೇ ತಿಳಿಯುವುದಿಲ್ಲ.

ವಾಸ್ಕೋ ಓದುಗ: ಈಗ ಪುಸ್ತಕ ತೆರೆದು ನೋಡಿದೆ. ಕೊನೆಯ ಪಾಠದ ಅಡಿಟಿಪ್ಪಣಿಯಲ್ಲಿ ಎರಡು ಸಾಲು ಇದೆ. ಮುತ್ತಿಗೆಯ ಭಾಗದಲ್ಲಿ ನನಗೆ ಅರ್ಥವಾಗದೆ ಗೆರೆ ಎಳೆದಿಟ್ಟ ಏಳು ಪದಗಳಲ್ಲಿ ಐದು ಇದೇ ರೂಪದವು. ಇವತ್ತು ರಾತ್ರಿ ಅಲ್ಲಿಂದಲೇ ಕೂರುತ್ತೇನೆ.